ದುಭಾಷಿಯಾಗಿ ನಿಂತವನು ಮುಕಾದಮ: ಮುಂಬಯಿಯ ಒಂದು ಪ್ರಕರಣ

2023ರ ಜುಲೈ ತಿಂಗಳ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದವಳು, ಈಗ ಪೂರ್ವ ಉಪನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. "ಟೀಚರ್, ನಮ್ಮ ವಾರ್ಡಿನಲ್ಲಿ ಕನ್ನಡದವನೊಬ್ಬ ಇದ್ದಾನೆ. ಮೂರು ದಿನವಾಯಿತು, ಯಾರೊಂದಿಗೂ ಮಾತಿಲ್ಲ. ನನ್ನ ಕನ್ನಡ ಅವನಿಗೆ ಹಿಡಿಯುತ್ತಿಲ್ಲ, ಅವನ ಕನ್ನಡ ನನಗೆ ಹಿಡಿಯುತ್ತಿಲ್ಲ. ನೀವು ಒಮ್ಮೆ ಬಂದು ಹೋಗುತ್ತೀರಾ?" ಅವಳ ಮನೆಮಾತು ತುಳು. ಅವನು ಕಲಬುರಗಿ ಜಿಲ್ಲೆಯವನು. ನಾನು ಹುಟ್ಟಿದ್ದು ಕಾರ್ಕಳದ ಕಡೆ ಆದರೂ ಮೂವತ್ತು ವರ್ಷ ಕಲಬುರಗಿ, ಯಾದಗಿರಿ ಕಡೆಯ ಕೂಲಿಕಾರರ ಮಕ್ಕಳಿಗೆ ಪಾಠ ಹೇಳಿದವಳು. ಛತ್ರಿ ಹಿಡಿದು ಹೊರಟೆ.

ಮುಂದಿನದು ಜೀವ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆ ಸೇರಿದ್ದ ಆ ಯುವಕನ ಪ್ರಕರಣ. ಆಗ ಅವನಿಗೆ ಇಪ್ಪತ್ತಾರು ವರ್ಷ. ಎಂಟನೆಯ ತರಗತಿಯವರೆಗೆ ಓದಿದ್ದ. ಊರಿನಲ್ಲಿ ತಾಯಿ, ತಂದೆ, ಹೆಂಡತಿ, ಎರಡು ವರ್ಷದ ಮಗು. ಮುಂಬಯಿಯಲ್ಲಿ ಕಟ್ಟಡ ಕೆಲಸದ ಬಿಗಾರಿ, ಅಂದರೆ ಕೈಕೆಲಸದ ಕೂಲಿ. ಅವನ ಹೆಸರು, ಊರು, ಆಸ್ಪತ್ರೆ, ಪೊಲೀಸ್ ಠಾಣೆ ಯಾವುದನ್ನೂ ಇಲ್ಲಿ ಹಾಕಿಲ್ಲ. ಬರೆದದ್ದನ್ನು ಫೋನಿನಲ್ಲಿ ಅವನಿಗೆ ಓದಿ ಹೇಳಿದ್ದೇನೆ. ಹೆಂಡತಿಯ ಬಗ್ಗೆ ಇದ್ದ ಎರಡು ವಾಕ್ಯಗಳನ್ನು ತೆಗೆಯಿರಿ ಎಂದ, ತೆಗೆದೆ. ಅವನು ಏನು ಮಾಡಿಕೊಂಡ, ಎಲ್ಲಿ, ಹೇಗೆ ಎಂಬುದೂ ಇಲ್ಲಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ ವಿವರಗಳನ್ನು ಬರೆಯಬೇಡಿ ಎನ್ನುತ್ತದೆ. ಮಾರ್ಗಸೂಚಿ ಬಂದ ಮೇಲೂ ಬೆಳಗಿನ ಪತ್ರಿಕೆ ತೆರೆದರೆ ಕಾಣುವುದೇನು ಎಂಬುದು ಓದುವವರಿಗೆ ಗೊತ್ತು. ಅವನು ಬದುಕಿದ. ಈ ಬರಹಕ್ಕೆ ಅಷ್ಟು ತಿಳಿದಿದ್ದರೆ ಸಾಕು.

ತಲೆ ಕೆಟ್ಟಿತ್ತು

ನಾನು ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ವಾರ್ಡಿನ ಮಾವಶಿ (ಆಯಾ) ಇಟ್ಟುಹೋದ ಚಹಾ ಆರಿ ಕೆನೆಗಟ್ಟಿತ್ತು. ನರ್ಸ್ ಕೇಸ್ ಪೇಪರ್ ತೋರಿಸಿದಳು. ಹಿಂದೆ ಮಾನಸಿಕ ಕಾಯಿಲೆ ಇತ್ತೇ ಎಂಬುದರ ಎದುರು ಇರಬಹುದು ಎಂಬ ಟಿಪ್ಪಣಿ. ಇದು ಎಲ್ಲಿಂದ ಬಂತು ಎಂದು ಕೇಳಿದೆ. ಮೊದಲ ರಾತ್ರಿ ಡಾಕ್ಟರರು ಹಿಂದಿಯಲ್ಲಿ, ಯಾಕಪ್ಪಾ ಹೀಗೆ ಮಾಡಿಕೊಂಡೆ ಎಂದು ಕೇಳಿದ್ದರಂತೆ. ಅವನು ಕನ್ನಡದಲ್ಲಿ "ತಲೆ ಕೆಟ್ಟಿತ್ತು" ಎಂದಿದ್ದ. ಪಕ್ಕದಲ್ಲಿದ್ದವನು ಅದನ್ನು "ದಿಮಾಗ್ ಖರಾಬ್ ಥಾ" ಎಂದು ಹಿಂದಿಗೆ ಮಗುಚಿದ್ದ. ಕನ್ನಡದವರ ತಲೆ ದಿನಕ್ಕೆ ಮೂರು ಸಲ ಕೆಡುತ್ತದೆ. ಲೋಕಲ್ ತಪ್ಪಿದರೆ ಕೆಡುತ್ತದೆ, ನಲ್ಲಿಯಲ್ಲಿ ನೀರು ನಿಂತರೆ ಕೆಡುತ್ತದೆ, ಮಗ ಹೇಳಿದ ಮಾತು ಕೇಳದಿದ್ದರೆ ಕೆಡುತ್ತದೆ. ಕೇಸ್ ಪೇಪರಿಗೆ ಹತ್ತಿದಾಗ ಮಾತ್ರ ಅದು ಹಳೆಯ ರೋಗವಾಗಿ ನಿಲ್ಲುತ್ತದೆ.

ಮರುದಿನ ಮನೋವೈದ್ಯರು ಬಂದರು. ನಾನು ನಡುವೆ ಕುಳಿತೆ. ಈಗಲೂ ಸಾಯಬೇಕು ಎನಿಸುತ್ತದೆಯೇ ಎಂದು ಕೇಳಿ ಎಂದರು. ನನ್ನ ನಾಲಿಗೆ ಹೊರಳಲಿಲ್ಲ. ನಮ್ಮಲ್ಲಿ ಆ ಮಾತನ್ನು ಯಾರೂ ನೇರವಾಗಿ ಆಡುವುದಿಲ್ಲ. "ಏನಾದರೂ ಹೆಚ್ಚುಕಡಿಮೆ ಮಾಡಿಕೊಂಡಾನು" ಎನ್ನುತ್ತೇವೆ, "ಜೀವಕ್ಕೆ ಏನಾದರೂ ಮಾಡಿಕೊಂಡರೆ" ಎನ್ನುತ್ತೇವೆ. ಅಚ್ಚಿನ ಪದವಾದ ಆತ್ಮಹತ್ಯೆಯಲ್ಲಿ ಹತ್ಯೆ ಕುಳಿತಿದೆ, ಕೇಳುವ ಮೊದಲೇ ಕೊಲೆಯ ವಾಸನೆ ಬಡಿಯುತ್ತದೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆಯೂ ನನಗಿತ್ತು. ಹಾಗೇನೂ ಆಗುವುದಿಲ್ಲ, ನೇರವಾಗಿ ಕೇಳಿದರೆ ಎಷ್ಟೋ ಜನರಿಗೆ ಹಗುರವಾಗುತ್ತದೆ ಎಂದು ವೈದ್ಯರು ಹೇಳಿದರು. ಕೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಸಾಯುವುದು ಬೇಕಿರಲಿಲ್ಲ ಟೀಚರ್. ಸೋಮವಾರ ಊರಿಗೆ ಫೋನ್ ಮಾಡುವುದು ಬೇಡವಾಗಿತ್ತು."

ಸೋಮವಾರಕ್ಕೆ ಏನು ವಿಶೇಷ ಎಂಬುದು ತಿಳಿಯಲು ಇನ್ನೂ ಎರಡು ದಿನ ಹಿಡಿಯಿತು.

ಹಾಜರಿ, ಖರ್ಚಿ, ಸಂಘದ ಕಂತು

ಕಟ್ಟಡದ ಕೂಲಿಯ ಲೆಕ್ಕ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಬಿಗಾರಿಗೆ ದಿನಕ್ಕೆ 700 ರೂಪಾಯಿ ಎಂದು ಮುಕಾದಮ, ಅಂದರೆ ಕೂಲಿಕಾರರನ್ನು ಕರೆತಂದು ಕೆಲಸ ಮಾಡಿಸುವ ಮೇಸ್ತ್ರಿ, ಊರಿನಲ್ಲಿಯೇ ಮಾತು ಕೊಟ್ಟಿರುತ್ತಾನೆ. ಆ 700 ದಿನವೂ ಕೈಗೆ ಬರುವುದಿಲ್ಲ. ಮುಕಾದಮನ ಪುಸ್ತಕದಲ್ಲಿ ಹಾಜರಿ ಬೀಳುತ್ತದೆ. ವಾರಕ್ಕೊಮ್ಮೆ ಊಟಕ್ಕೆ, ಮೊಬೈಲಿಗೆ, ತಂಬಾಕಿಗೆಂದು ಒಂದಿಷ್ಟು ಖರ್ಚಿ ಕೊಡುತ್ತಾನೆ. ಉಳಿದದ್ದು ಹಬ್ಬಕ್ಕೋ, ಕೆಲಸ ಮುಗಿದ ಮೇಲೋ. ಪುಸ್ತಕ ಮುಕಾದಮನ ಜೇಬಿನಲ್ಲಿ, ಲೆಕ್ಕ ಕೂಲಿಕಾರನ ತಲೆಯಲ್ಲಿ. ಇವನ ಲೆಕ್ಕದಲ್ಲಿ ಖರ್ಚಿ ಕಳೆದು 45 ಹಾಜರಿ ಬಾಕಿ ಇತ್ತು, 31,500 ರೂಪಾಯಿ.

ಇತ್ತ ಊರಿನಲ್ಲಿ ತಾಯಿಯ ಹೆಸರಿನಲ್ಲಿ ಸಂಘದ ಸಾಲ. ತಂಗಿಯ ಮದುವೆಗೆ ತೆಗೆದದ್ದು. ಸಂಘ ಎಂದರೆ ಹತ್ತು ಹೆಂಗಸರನ್ನು ಗುಂಪು ಮಾಡಿ ಸಾಲ ಕೊಡುವ ಮೈಕ್ರೋ ಫೈನಾನ್ಸ್. ಒಬ್ಬಳು ಕಂತು ತಪ್ಪಿಸಿದರೆ ಉಳಿದ ಒಂಬತ್ತು ಮಂದಿ ಅವಳ ಬಾಗಿಲಿಗೆ ಬರುತ್ತಾರೆ. ಕಂತು ಕಟ್ಟುವ ದಿನ ಮಂಗಳವಾರ, ದುಡ್ಡು ಸೋಮವಾರ ರಾತ್ರಿಯೊಳಗೆ ಮುಟ್ಟಬೇಕು. ಜೂನ್ ಕೊನೆಯಿಂದ ಮಳೆ ಹಿಡಿದು ಕೆಲಸ ನಿಂತಿತು, ಕೆಲಸವಿಲ್ಲದ ವಾರ ಖರ್ಚಿಯೂ ಅರ್ಧ. ಮೂರು ಸೋಮವಾರ ಅವನು ತಾಯಿಗೆ, ನಾಳೆ ಹಾಕುತ್ತೇನೆ ಎಂದು ಹೇಳಿದ. ನಾಲ್ಕನೆಯ ಸೋಮವಾರ ಫೋನ್ ಮಾಡಲಿಲ್ಲ.

ಕುಡಿಯುತ್ತಿದ್ದನೇ? ಕುಡಿಯುತ್ತಿದ್ದ, ಶನಿವಾರ ಶನಿವಾರ. ಹೆಂಡತಿಯೊಂದಿಗೆ ಜಗಳವಿತ್ತೇ? ಫೋನಿನಲ್ಲಿ ಇತ್ತು, ಈ ದುಡ್ಡಿನ ವಿಷಯಕ್ಕೇ. ಇದನ್ನು ಮುಚ್ಚಿಟ್ಟು ಅವನನ್ನು ಬರೀ ಬಲಿಪಶುವಾಗಿ ಚಿತ್ರಿಸಿದರೆ ಪ್ರಕರಣ ಸುಳ್ಳಾಗುತ್ತದೆ. ಒಂದೇ ಕಾರಣಕ್ಕೆ ಯಾರೂ ಆ ಅಂಚಿಗೆ ಹೋಗುವುದಿಲ್ಲ. ನನ್ನ ತಕರಾರು ಇರುವುದು, ಇಷ್ಟೆಲ್ಲ ಎಳೆಗಳಲ್ಲಿ ಕಾಗದಕ್ಕೆ ಹತ್ತಿದ್ದು ಯಾವುದು, ಅದನ್ನು ಆರಿಸಿದ್ದು ಯಾರು ಎಂಬುದರ ಬಗ್ಗೆ.

ಜಬಾಬು

ಇಂಥ ರೋಗಿ ಬಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಎಂದು ಕೇಸ್ ಪೇಪರಿನ ಮೇಲೆ ಠಸ್ಸೆ ಬೀಳುತ್ತದೆ. ಎರಡನೆಯ ದಿನ, ಅಂದರೆ ನಾನು ಹೋಗುವ ಮುನ್ನಾದಿನ, ಹವಾಲ್ದಾರರೊಬ್ಬರು ಬಂದು ಜಬಾಬು, ಅಂದರೆ ಅವನ ಹೇಳಿಕೆ, ಬರೆದುಕೊಂಡು ಹೋಗಿದ್ದರು. ಮರಾಠಿಯಲ್ಲಿ ಮುಕ್ಕಾಲು ಪುಟ: ಹೆಂಡತಿಯೊಂದಿಗೆ ವಿರಸ, ಕುಡಿತದ ಅಭ್ಯಾಸ, ಸಿಟ್ಟಿನ ಭರದಲ್ಲಿ ಹೀಗೆ ಮಾಡಿಕೊಂಡೆ, ಯಾರ ವಿರುದ್ಧವೂ ನನ್ನ ದೂರಿಲ್ಲ. ಕೆಳಗೆ ಕನ್ನಡದಲ್ಲಿ ಅವನ ಸಹಿ, ಶಾಲೆಯ ಹುಡುಗನ ದುಂಡನೆಯ ಅಕ್ಷರ. ಮೇಲೆ ಬರೆದಿದ್ದ ಒಂದು ಸಾಲನ್ನೂ ಓದಲು ಅವನಿಗೆ ಬರುತ್ತಿರಲಿಲ್ಲ.

ಅವನ ಕನ್ನಡವನ್ನು ಹವಾಲ್ದಾರರಿಗೆ ಮರಾಠಿ ಮಾಡಿ ಹೇಳಿದವನು ಮುಕಾದಮ. ಮೊದಲ ರಾತ್ರಿ ಡಾಕ್ಟರರಿಗೆ ಹಿಂದಿ ಮಾಡಿ ಹೇಳಿದವನೂ ಅವನೇ.

ನಾನು ಮುಕಾದಮನನ್ನು ನೋಡಿದ್ದೇನೆ. ಅದೇ ತಾಲೂಕಿನವನು, ಮಾತು ಬೆಲ್ಲ. ಎಳನೀರು ತಂದಿದ್ದ, ಮೊದಲ ರಾತ್ರಿಯ ಔಷಧಿಯ ಖರ್ಚು ತಾನೇ ಕೊಟ್ಟಿದ್ದ. ದೊಡ್ಡ ಗುತ್ತಿಗೆದಾರ ಅವನಿಗೂ ಎರಡು ತಿಂಗಳಿನಿಂದ ಬಿಲ್ಲು ಕೊಟ್ಟಿರಲಿಲ್ಲ. ಹವಾಲ್ದಾರರನ್ನೂ ಬೈಯಲಾರೆ. ಎದುರಿಗೆ ಎರಡೂ ಭಾಷೆ ಬಲ್ಲ, ರೋಗಿಯನ್ನು ತಾನೇ ಕರೆತಂದ, ಸಂಬಂಧಿಯಂತೆ ಕಾಣುವ ಮನುಷ್ಯ ನಿಂತಿರುವಾಗ ಇನ್ನೊಬ್ಬ ದುಭಾಷಿಯನ್ನು ಯಾರು ಹುಡುಕುತ್ತಾರೆ? ಕೂಲಿ ಕೊಡಬೇಕಾದವನೇ ಕೂಲಿಕಾರನ ಬಾಯಿಯಾದ ಎಂಬುದು ಆ ವಾರ್ಡಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದದ್ದು 45 ಹಾಜರಿಯ ಮಾತು ಬಂದ ಮೇಲೆ.

ಇನ್ನೊಂದು ಮಾತು ಅದಕ್ಕಿಂತ ಮೆಲ್ಲಗೆ ಹೊರಬಂತು. ಜಬಾಬಿಗೆ ಮೊದಲು ಮುಕಾದಮ ಅವನ ಕಿವಿಯಲ್ಲಿ ಹೇಳಿದ್ದ: "ಇದು ಪೊಲೀಸ್ ಕೇಸು. ಒಂದು ವರ್ಷ ಒಳಗೆ ಹಾಕುತ್ತಾರೆ. ನಾನು ಮಾತಾಡಿ ಮುಚ್ಚಿಹಾಕಿಸುತ್ತೇನೆ. ನೀನು ಹಾಜರಿಯ ಮಾತು ತೆಗೆಯಬೇಡ."

ಸತ್ತ ಕಾನೂನಿನ ದೆವ್ವ

ಮುಕಾದಮ ಹೇಳಿದ ಒಂದು ವರ್ಷ ಪೂರ್ತಿ ಸುಳ್ಳೂ ಅಲ್ಲ. ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನಲ್ಲಿ ಜೀವ ಕಳೆದುಕೊಳ್ಳಲು ಯತ್ನಿಸಿದವನಿಗೆ ಒಂದು ವರ್ಷದವರೆಗೆ ಸಾದಾ ಸಜೆ ಎಂದು 1860ರಿಂದ ಬರೆದಿತ್ತು. 2023ರ ಜುಲೈನಲ್ಲಿ ಆ ಸಾಲು ಪುಸ್ತಕದಲ್ಲಿ ಇನ್ನೂ ಇತ್ತು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಾಗಲೇ ಅದರ ಹಲ್ಲು ಉದುರಿತ್ತು. ಹೀಗೆ ಮಾಡಿಕೊಂಡವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಬೇರೆಯದು ಸಾಬೀತಾಗದ ಹೊರತು ವಿಚಾರಣೆಯೂ ಶಿಕ್ಷೆಯೂ ಕೂಡದು ಎನ್ನುತ್ತದೆ ಆ ಕಾಯ್ದೆಯ 115ನೆಯ ಕಲಮು.

ಈ ಚರ್ಚೆಗೆ ಮುಂಬಯಿಯದೇ ಒಂದು ಹಳೆಯ ಅಧ್ಯಾಯವಿದೆ. ಮಾರುತಿ ಶ್ರೀಪತಿ ದುಬಾಲ್ ಎಂಬ ಪೊಲೀಸ್ ಕಾನ್‌ಸ್ಟೇಬಲ್ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಾನಸಿಕವಾಗಿ ಅಸ್ವಸ್ಥನಾಗಿದ್ದ. ಹೆಂಡತಿಗೆ ತರಕಾರಿ ಅಂಗಡಿ ಹಾಕಿಸಲು ಪರವಾನಗಿ ಕೇಳಿಕೊಂಡು ಪಾಲಿಕೆ ಆಯುಕ್ತರ ಕಚೇರಿಗೆ ಹೋದವನು ಅಲ್ಲಿಯೇ ಜೀವ ಕಳೆದುಕೊಳ್ಳಲು ಯತ್ನಿಸಿದ. ಅವನ ಮೇಲೆ 309 ಬಿತ್ತು. 1986ರಲ್ಲಿ ಬಾಂಬೆ ಹೈಕೋರ್ಟು ಆ ಕಲಮು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. 1994ರಲ್ಲಿ ಸುಪ್ರೀಂ ಕೋರ್ಟು ಪಿ. ರತಿನಂ ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. 1996ರಲ್ಲಿ ಜ್ಞಾನ್ ಕೌರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ 309ಕ್ಕೆ ಮತ್ತೆ ಜೀವ ಕೊಟ್ಟಿತು. ಕಾನೂನು ಆಯೋಗದ ಕಥೆಯೂ ಇದೇ: 1971ರ ವರದಿಯಲ್ಲಿ ತೆಗೆಯಿರಿ, 1997ರ ವರದಿಯಲ್ಲಿ ಇರಲಿ, 2008ರ ವರದಿಯಲ್ಲಿ ಮತ್ತೆ ತೆಗೆಯಿರಿ.

ಇಷ್ಟೆಲ್ಲ ಹಗ್ಗಜಗ್ಗಾಟ ನಡೆದದ್ದು ನ್ಯಾಯಾಲಯದಲ್ಲಿ. ವಾರ್ಡಿನಲ್ಲಿ ಮಲಗಿದ್ದವನ ತನಕ ಬಂದು ಮುಟ್ಟಿದ್ದು ಒಂದು ವರ್ಷ ಜೈಲು ಎಂಬ ಪಿಸುಮಾತು ಮಾತ್ರ. ಬಳಕೆಯಲ್ಲಿಲ್ಲದ ಕಾನೂನಿನಿಂದ ಯಾರಿಗೂ ತೊಂದರೆಯಿಲ್ಲ ಎಂದು ವಾದಿಸುವವರನ್ನು ನಾನು ಕೇಳಿದ್ದೇನೆ. ಪೊಲೀಸರು ಬಳಸದಿದ್ದರೆ ಮುಕಾದಮ ಬಳಸುತ್ತಾನೆ, ಬಡ್ಡಿಯವನು ಬಳಸುತ್ತಾನೆ, ಗಂಡನ ಮನೆಯವರು ಬಳಸುತ್ತಾರೆ. ಜಬಾಬು ಬರೆದ ಹವಾಲ್ದಾರರನ್ನು ನಾನು ಆಮೇಲೆ ಭೇಟಿ ಮಾಡಿದೆ. "ಬಾಯಿಯವರೇ, ಈಗ 309 ಯಾರು ಹಾಕುತ್ತಾರೆ?" ಎಂದು ನಕ್ಕರು. ಆ ಮಾತನ್ನು ಹಾಸಿಗೆಯ ಪಕ್ಕ ನಿಂತು ಅವನಿಗೆ ಹೇಳಿದ್ದರೆ ಜಬಾಬೇ ಬೇರೆಯಾಗುತ್ತಿತ್ತು.

115ನೆಯ ಕಲಮಿಗೆ ಎರಡನೆಯ ಉಪಕಲಮೊಂದಿದೆ. ಮತ್ತೆ ಹಾಗಾಗದಂತೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸಂಬಂಧಪಟ್ಟ ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಶಿಕ್ಷೆ ಹೋದದ್ದು ಸುದ್ದಿಯಾಯಿತು, ಕರ್ತವ್ಯ ಬಂದದ್ದು ಸುದ್ದಿಯಾಗಲಿಲ್ಲ. ಇವನ ಮಟ್ಟಿಗೆ ಆ ಸರ್ಕಾರ ಯಾವುದು? ಪಡಿತರ ಚೀಟಿ ಕರ್ನಾಟಕದ್ದು, ಹಾಸಿಗೆ ಮಹಾರಾಷ್ಟ್ರದ್ದು. ಡಿಸ್ಚಾರ್ಜ್ ಕಾರ್ಡಿನಲ್ಲಿ ಎರಡು ವಾರ ಬಿಟ್ಟು ಮನೋರೋಗ ವಿಭಾಗಕ್ಕೆ ಬರುವುದು ಎಂಬ ಒಂದೇ ಸಾಲಿತ್ತು, ಇಂಗ್ಲಿಷಿನಲ್ಲಿ. 2022ರ ಅಕ್ಟೋಬರ್ 10ರಂದೇ ಆರಂಭವಾಗಿದ್ದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಆ ಕಾರ್ಡಿನಲ್ಲಿ ಇರಲಿಲ್ಲ.

ಯಾವ ಕಾಲಂ

ಅವನು ಉಳಿಯದಿದ್ದರೆ ಏನಾಗುತ್ತಿತ್ತು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹುಟ್ಟುವುದು ಪೊಲೀಸ್ ಠಾಣೆಗಳ ಕಾಗದಗಳಿಂದ. 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ಸತ್ತರು ಎನ್ನುತ್ತದೆ ಆ ವರದಿ. 22,746 ಸಾವುಗಳೊಂದಿಗೆ ಮಹಾರಾಷ್ಟ್ರ ಎಲ್ಲಕ್ಕಿಂತ ಮುಂದೆ, 13,606 ಸಾವುಗಳ ಕರ್ನಾಟಕ ನಾಲ್ಕನೆಯದು. ಸತ್ತವರಲ್ಲಿ ಶೇ 26.4 ಜನ ದಿನಗೂಲಿಯವರು, ಯಾವ ಉದ್ಯೋಗದವರ ಪಾಲೂ ಇಷ್ಟು ದೊಡ್ಡದಲ್ಲ. ಕಾರಣದ ಪಟ್ಟಿಯಲ್ಲಿ ಮಾತ್ರ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗೆ, ಶೇ 31.7. ಎರಡನೆಯದು ಕಾಯಿಲೆ, ಶೇ 18.4. ಅಂದರೆ ನಾಲ್ಕರಲ್ಲಿ ಒಬ್ಬ ಕೂಲಿಯವನು, ಆದರೆ ಕೂಲಿ ಸಿಗದ್ದು ಕಾರಣವಾಗಿ ಎಲ್ಲೂ ಎದ್ದು ಕಾಣುವುದಿಲ್ಲ. ಈ ಒಂದು ಜಬಾಬನ್ನು ಕಣ್ಣಾರೆ ಕಂಡ ಮೇಲೆ ಕೌಟುಂಬಿಕ ಸಮಸ್ಯೆ ಎಂಬ ಆ ದೊಡ್ಡ ಕಾಲಮಿನಲ್ಲಿ ಇನ್ನೆಷ್ಟು ಹಾಜರಿ ಪುಸ್ತಕಗಳು ಹೂತಿವೆಯೋ ಎಂದು ಅನುಮಾನ. ಒಂದೇ ಪ್ರಕರಣದಿಂದ ಲೆಕ್ಕ ತೆಗೆಯಬಾರದು, ನಿಜ. ಅನುಮಾನ ಪಡಲು ಒಂದು ಸಾಕು.

ಕಾಲಂ ಯಾವುದೆಂಬುದರ ಮೇಲೆ ಜವಾಬ್ದಾರಿ ಯಾರದೆಂಬುದು ನಿಂತಿದೆ. ಕುಟುಂಬ ಎಂದು ಬರೆದರೆ ಹೆಂಡತಿ ಉತ್ತರ ಕೊಡಬೇಕು. ಕಾಯಿಲೆ ಎಂದು ಬರೆದರೆ ಆರೋಗ್ಯ ಇಲಾಖೆ. ಬಾಕಿ ಕೂಲಿ ಎಂದು ಬರೆದರೆ ಗುತ್ತಿಗೆದಾರ, ಅವನ ಮೇಲಿನ ಕಂಪನಿ, ಕಾರ್ಮಿಕ ಇಲಾಖೆ, ಇವರೆಲ್ಲ ಎದ್ದು ನಿಲ್ಲಬೇಕಾಗುತ್ತದೆ. 2022ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರತಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರೊಳಗೆ ಇಂಥ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ. ಮೂರು ವರ್ಷದಲ್ಲಿ ನಿಗಾ ವ್ಯವಸ್ಥೆ, ಐದು ವರ್ಷದಲ್ಲಿ ಎಲ್ಲ ಜಿಲ್ಲೆಗಳಲ್ಲಿ ಮನೋರೋಗ ಹೊರರೋಗಿ ವಿಭಾಗ, ಎಂಟು ವರ್ಷದಲ್ಲಿ ಶಿಕ್ಷಣ ಸಂಸ್ಥೆಗಳಲ್ಲಿ ಪಾಠ. ಬೇರೆ ಇಲಾಖೆಗಳ ಮಾತೂ ಅದರಲ್ಲಿದೆ. ನಿಗಾ ವ್ಯವಸ್ಥೆಗೆ ಸಿಗುವ ಮೊದಲ ಕಾಗದವನ್ನೇ ಮುಕಾದಮ ಹೇಳಿ ಬರೆಸಿದ್ದರೆ ಆ ಮಾತು ಕಾರ್ಮಿಕ ಇಲಾಖೆಯ ಬಾಗಿಲಿಗೆ ತಲುಪುವುದು ಹೇಗೆ?

ಇವನ ಅಪ್ಪನ ಹೆಸರಿನಲ್ಲಿ ಎರಡು ಎಕರೆ ತೊಗರಿ ಹೊಲವಿದೆ. ರೈತರ ಸಾವಿಗೆ ಎರಡೂ ರಾಜ್ಯಗಳಲ್ಲಿ ಪರಿಹಾರದ ನಿಯಮವಿದೆ, ಅರ್ಹ ಅನರ್ಹ ಎಂದು ತೂಗಲು ಸಮಿತಿಗಳಿವೆ. ರೈತರು ಹೋರಾಡಿ ಪಡೆದದ್ದು ಅದು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಹೊಲದ ಮಗ ರೈಲು ಹತ್ತಿ ಮುಂಬಯಿಗೆ ಬಂದ ಕ್ಷಣ ರೈತನೂ ಅಲ್ಲ, ಇಲ್ಲಿನ ನೋಂದಾಯಿತ ಕಾರ್ಮಿಕನೂ ಅಲ್ಲ. ಕಟ್ಟಡ ಕಾರ್ಮಿಕರಿಗಾಗಿ ಆಗ 1996ರ ಕಾಯ್ದೆಯಿತ್ತು, ಕಲ್ಯಾಣ ಮಂಡಳಿಯಿತ್ತು, ಕಟ್ಟುವವರಿಂದ ವಸೂಲಾದ ಸೆಸ್ ಹಣವಿತ್ತು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕಿತ್ತು. ಇವನು ಮೂರು ಕಡೆ ಸೇರಿ ಇನ್ನೂರಕ್ಕೂ ಹೆಚ್ಚು ದಿನ ದುಡಿದಿದ್ದ. ದಾಖಲೆ ಇದ್ದದ್ದು ಮುಕಾದಮನ ಜೇಬಿನ ಪುಸ್ತಕದಲ್ಲಿ.

ಒಂಬತ್ತು ಸಲ

ಡಿಸ್ಚಾರ್ಜ್ ದಿನ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಪಾಲಿಗೆ ನಾಲ್ಕು ವಾರ್ಡುಗಳು, ಊಟಕ್ಕೂ ಪುರುಸೊತ್ತಿಲ್ಲ. "ನಾವು ಮಾಡಬೇಕಾದ್ದು ಇದು, ನಮ್ಮಿಂದ ಆಗುವುದಿಲ್ಲ. ನೀವು ಮಾಡುತ್ತೀರಾ?" ಎಂದು ಕೇಸ್ ಪೇಪರಿನ ನಕಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟಳು: 1, 2, 4, 7, 11 ವಾರ. 4, 6, 12, 18 ತಿಂಗಳು.

ಅದು ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪ್ರಯೋಗದ ವೇಳಾಪಟ್ಟಿ. ಚೆನ್ನೈ ಸೇರಿ ಐದು ದೇಶಗಳ ಐದು ಊರುಗಳಲ್ಲಿ, ಹೀಗೆ ಮಾಡಿಕೊಂಡು ಆಸ್ಪತ್ರೆಗೆ ಬಂದ 1,867 ಜನರ ಮೇಲೆ ನಡೆದದ್ದು, 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನೋ ಭೇಟಿಯೋ. ಕೊನೆಗೆ ಮೊದಲ ಗುಂಪಿನಲ್ಲಿ ಶೇ 2.2 ಜನ ತಾವೇ ಜೀವ ಕಳೆದುಕೊಂಡಿದ್ದರು, ಎರಡನೆಯದರಲ್ಲಿ ಶೇ 0.2. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ವ್ಯತ್ಯಾಸ ಇಷ್ಟು ದೊಡ್ಡದಾಗಿ ಬಂದಿಲ್ಲ. ಆದರೂ ಇಷ್ಟು ಅಗ್ಗದ ಔಷಧಿ ಇನ್ನೊಂದನ್ನು ನಾನು ಕೇಳಿಲ್ಲ.

ಮೊದಲ ವಾರ: ಅವನು ಮುಕಾದಮನ ಖೋಲಿ ಬಿಟ್ಟು ಊರಿನವನೇ ಆದ ಒಬ್ಬ ಗವಂಡಿಯ (ಗಾರೆ ಕೆಲಸದವನ) ಜೊತೆ ಇದ್ದ. ನಾನೇ ಹೋದೆ. ಮಾತು ಹೆಚ್ಚಿಲ್ಲ, ಅನ್ನ ಸಾರು ಮಾಡಿದ್ದ.

ಎರಡನೆಯ ವಾರ: ಮನೋರೋಗ ವಿಭಾಗದ ಸರದಿಯಲ್ಲಿ ಮೂರು ಗಂಟೆ ನಿಂತು ನಾಲ್ಕು ನಿಮಿಷ ಒಳಗಿದ್ದೆವು. ಹಳೆಯ ಟಿಪ್ಪಣಿಯನ್ನು ತೆಗೆಸಬೇಕೆಂದು ನಾನು ಹಟ ಹಿಡಿದದ್ದರಿಂದ ಅದು ಆರು ನಿಮಿಷವಾಯಿತು.

ನಾಲ್ಕನೆಯ ವಾರದ ಹೊತ್ತಿಗೆ ಕೂಲಿಯ ವಿಷಯ ಕೈಗೆತ್ತಿಕೊಂಡಿದ್ದೆವು. ಮಿಲ್ಲುಗಳ ಕಾಲದಿಂದ ಯೂನಿಯನ್ ಕೆಲಸ ಮಾಡಿದ ಹಿರಿಯರೊಬ್ಬರು ಜೊತೆಗೆ ಬಂದರು. ಅವರು ಮುಕಾದಮನ ಹತ್ತಿರ ಹೋಗಲೇ ಇಲ್ಲ, ನೇರ ದೊಡ್ಡ ಗುತ್ತಿಗೆದಾರನ ಸೈಟ್ ಆಫೀಸಿಗೆ ನಡೆದರು. "ಮುಕಾದಮನನ್ನು ಹಿಡಿದರೆ ಅವನು ನಾಳೆ ಓಡಿಹೋಗುತ್ತಾನೆ. ಕಟ್ಟಡ ಓಡಿಹೋಗುವುದಿಲ್ಲ" ಎಂದರು. ಮೂರು ಸಲ ಅಲೆದ ಮೇಲೆ 31,500ರಲ್ಲಿ 18,000 ಬಂತು. ಉಳಿದದ್ದು ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಏಳನೆಯ ವಾರ ಅವನ ಫೋನ್ ಬಂದ್. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಗವಂಡಿಯ ಖೋಲಿಗೆ ಹೋದರೆ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗಿ ನಾಲ್ಕು ದಿನವಾಯಿತು ಎಂದ. ಹೇಳಿಹೋಗಬಾರದಿತ್ತೇ ಎಂದು ಸಿಟ್ಟು ಬಂತು. ವೇಳಾಪಟ್ಟಿಯಲ್ಲಿ ಏಳು ಎಂದು ಬರೆಯುವುದು ಸುಲಭ. ದಿನಗೂಲಿಯವನ ಸಿಮ್ ತಿಂಗಳಿಗೊಂದು ಬದಲಾಗುತ್ತದೆ, ರೀಚಾರ್ಜ್ ಮುಗಿದರೆ ನಂಬರೇ ಸಾಯುತ್ತದೆ. ಯಾವ ಸರ್ಕಾರಿ ವ್ಯವಸ್ಥೆ ಈ ಕೆಲಸ ಹಿಡಿದರೂ ಮೊದಲು ಮುಗ್ಗರಿಸುವುದು ಇಲ್ಲಿಯೇ. ಅಂದಿನಿಂದ ಮೂರು ನಂಬರು ಬರೆದಿಟ್ಟುಕೊಂಡೆ: ಅವನದು, ಭಾವಮೈದುನನದು, ಊರಿನ ಕಿರಾಣಿ ಅಂಗಡಿಯದು.

ಹನ್ನೊಂದನೆಯ ವಾರ ಭಾವಮೈದುನನ ಫೋನಿನಲ್ಲಿ ಸಿಕ್ಕ. ಮಾತ್ರೆ ಮುಗಿದು ಇಪ್ಪತ್ತು ದಿನವಾಗಿತ್ತು. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಮೂಲವಾಗಿ ಇದು ಕರ್ನಾಟಕದ್ದೇ ದಾರಿ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಿದ್ದು. ಅಲ್ಲಿಗೆ ಹೋಗು ಎಂದೆ. ಹೋದ, ಬುಧವಾರ. ಅದು ನನ್ನ ತಪ್ಪು, ದಿನ ಹೇಳಿರಲಿಲ್ಲ. ಮುಂದಿನ ವಾರ ಮತ್ತೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಹೋದ. ಎಷ್ಟೋ ಜನ ಎರಡನೆಯ ಸಲ ಹೋಗುವುದಿಲ್ಲ. ಮುಂಬಯಿಯ ಆಸ್ಪತ್ರೆಯಿಂದ ಆ ತಾಲೂಕು ಆಸ್ಪತ್ರೆಗೆ ಒಂದು ಚೀಟಿಯೂ ಹೋಗಿರಲಿಲ್ಲ. ಡಿಸ್ಚಾರ್ಜ್ ಕಾರ್ಡನ್ನು ಅವನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದರಿಂದ ಮಾತ್ರೆಯ ಹೆಸರು ಉಳಿಯಿತು.

ನಾಲ್ಕನೆಯ ತಿಂಗಳು ಮಾಮೂಲು ಮಾತು, ತೊಗರಿ, ಮಗುವಿಗೆ ಕೆಮ್ಮು.

ಆರನೆಯ ತಿಂಗಳು, 2024ರ ಜನವರಿ, ಕೆಟ್ಟದಾಗಿತ್ತು. ಎರಡು ಕಂತು ತಪ್ಪಿ ಸಂಘದ ಹೆಂಗಸರು ಮನೆಯ ಮುಂದೆ ಕುಳಿತಿದ್ದರು. "ತಲೆ ಕೆಟ್ಟಿದೆ ಟೀಚರ್" ಎಂದ. ಈ ಸಲ ನನ್ನ ನಾಲಿಗೆ ಹೊರಳಿತು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ಕನ್ನಡದಲ್ಲಿ, ನೇರವಾಗಿ ಕೇಳಿದೆ. ಬರುತ್ತಿದೆ ಎಂದ. ಭಾವಮೈದುನನನ್ನು ಫೋನಿಗೆ ಕರೆದು, ಮೂರು ದಿನ ಇವನ ಪಕ್ಕ ಬಿಡಬೇಡ ಎಂದೆ. 14416 ಬರೆಸಿದೆ. ಮಾಡಿದ. ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ಇಪ್ಪತ್ತು ನಿಮಿಷ ಮಾತಾಡಿದಳಂತೆ, ಮರುದಿನ ಅವಳೇ ತಿರುಗಿ ಫೋನ್ ಮಾಡಿದಳಂತೆ. ಆ ಮಂಗಳವಾರ ಮಾತ್ರೆ ಬದಲಾಯಿತು. ಕಂತು ಬದಲಾಗಲಿಲ್ಲ. ಒಂದು ಕಂತನ್ನು ತಂಗಿಯ ಗಂಡ ಕಟ್ಟಿದ. ಕಿರುಸಾಲ ವಸೂಲಿಯ ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು ಎಂಬ ಸುಗ್ರೀವಾಜ್ಞೆ ಕರ್ನಾಟಕದಲ್ಲಿ ಹೊರಬಿದ್ದದ್ದು 2025ರ ಫೆಬ್ರುವರಿಯಲ್ಲಿ, ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಸಾಲುಗಟ್ಟಿದ ಮೇಲೆ. ಆತ್ಮಹತ್ಯೆ ತಡೆಯ ಯೋಜನೆಯೆಂದು ಅದನ್ನು ಯಾರೂ ಕರೆಯಲಿಲ್ಲ. ನನ್ನ ಎಣಿಕೆಯಲ್ಲಿ ಅದೂ ಅದೇ.

ಹನ್ನೆರಡನೆಯ ತಿಂಗಳಿಗೆ ಅವನು ಮತ್ತೆ ಮುಂಬಯಿಯಲ್ಲಿದ್ದ, ಬೇರೆ ಮುಕಾದಮನ ಕೈಕೆಳಗೆ. 2024ರ ಜುಲೈ. ಅದೇ ತಿಂಗಳ ಒಂದರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಅವನು ಕೇಳಿದ: "ಟೀಚರ್, ಆ ಒಂದು ವರ್ಷದ ಕೇಸು ಈಗ ಹೋಯಿತೇ?" ಒಂದು ವರ್ಷದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದ! ಕೇಸು ಮೊದಲೂ ಇರಲಿಲ್ಲ, ಈಗ 309ನೆಯ ಕಲಮೂ ಇಲ್ಲ ಎಂದೆ. ಪೂರ್ತಿ ಉತ್ತರ ಅದಲ್ಲ ಎಂಬುದು ಗೊತ್ತಿತ್ತು, ಅವನಿಗೆ ಹೇಳಲಿಲ್ಲ. ಹೊಸ ಸಂಹಿತೆಯ 226ನೆಯ ಕಲಮಿನಂತೆ, ಸರ್ಕಾರಿ ನೌಕರನ ಕರ್ತವ್ಯಕ್ಕೆ ಒತ್ತಾಯವನ್ನೋ ತಡೆಯನ್ನೋ ತರುವ ಉದ್ದೇಶದಿಂದ ಹೀಗೆ ಮಾಡಿಕೊಳ್ಳಲು ಯತ್ನಿಸಿದರೆ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಸಮುದಾಯ ಸೇವೆ. ಖೋಲಿಯಲ್ಲಿ ಕುಸಿದವನು ರೋಗಿ, ಕಚೇರಿಯ ಬಾಗಿಲಲ್ಲಿ ಕುಸಿದವನು ಆರೋಪಿ. ಹೆಂಡತಿಯ ತರಕಾರಿ ಅಂಗಡಿಗಾಗಿ ಪಾಲಿಕೆಯ ಬಾಗಿಲಿಗೆ ಹೋಗಿದ್ದ ಆ ಕಾನ್‌ಸ್ಟೇಬಲನನ್ನು ಇಂದು ಯಾವ ಕಡೆ ನಿಲ್ಲಿಸುತ್ತಿದ್ದರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಈ ನಡುವೆ ಠಾಣೆಗೂ ಒಂದು ಅರ್ಜಿ ಕೊಟ್ಟಿದ್ದೆ: ಜಬಾಬಿನಲ್ಲಿ ಬಾಕಿ ಕೂಲಿಯ ವಿಷಯ ಬಿಟ್ಟುಹೋಗಿದೆ, ಅವನಿಗೆ ಗೊತ್ತಿರುವ ಭಾಷೆಯಲ್ಲಿ ಮತ್ತೊಮ್ಮೆ ಬರೆದುಕೊಳ್ಳಿ. ಆವಕ ವಿಭಾಗದ ನೀಲಿ ಠಸ್ಸೆ ನನ್ನ ನಕಲಿನ ಮೇಲಿದೆ. ಉತ್ತರ ಬಂದಿಲ್ಲ.

ಹದಿನೆಂಟನೆಯ ತಿಂಗಳು 2025ರ ಜನವರಿ. ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದೆ. ಮಿಕ್ಸರಿನ ಗಡಗಡ ಸದ್ದಿನಲ್ಲಿ ಅವನ ದನಿ ಅರ್ಧ ಕೇಳಿಸಿತು. "ಸ್ಲ್ಯಾಬ್ ನಡೆದಿದೆ ಟೀಚರ್, ಸಂಜೆ ನಾನೇ ಮಾಡುತ್ತೇನೆ" ಎಂದು ಇಟ್ಟುಬಿಟ್ಟ. ಏಳಾಯಿತು, ಎಂಟಾಯಿತು. ಎಂಟೂಕಾಲಿಗೆ ಫೋನ್ ಬಂತು. ಹದಿನೈದು ನಿಮಿಷ ಮಾತಾಡಿದೆವು, ಅದರಲ್ಲಿ ಹತ್ತು ನಿಮಿಷ ಹೊಸ ಮುಕಾದಮನ ಹಾಜರಿ ಪುಸ್ತಕದ ಮೇಲೆ. ಪ್ರತಿ ಶನಿವಾರ ಅದರ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಿದ್ದಾನಂತೆ. ಮುಕಾದಮ ಮೊದಲು ಬೇಡವೆಂದನಂತೆ, ಈಗ ತಾನೇ ಪುಸ್ತಕ ತೆರೆದು ಹಿಡಿಯುತ್ತಾನಂತೆ.